ಟವೆಲ್ ಬಿಗಿದ ವಿಡಿಯೋಗೆ ಮೊದಲ ಬಹುಮಾನ ಕೊಟ್ಟವರಿಗೆ

ಮೂರು ದಿನದಿಂದ ಹೊಟ್ಟೆ ಉರಿಯುತ್ತಿದೆ. ಇನ್ನು ಬರೆಯದೆ ಇರಲು ಆಗುವುದಿಲ್ಲ.

ಈ ಮಳೆಗಾಲ ನಮ್ಮ ಜಿಲ್ಲೆಯಲ್ಲಿ ಒಂದು ವಿಡಿಯೋ ಸ್ಪರ್ಧೆ ನಡೆಯಿತು. ಅರವತ್ತು ಸೆಕೆಂಡಿನೊಳಗೆ ಆರೋಗ್ಯದ ಬಗ್ಗೆ ಜನರಿಗೆ ಒಂದು ತಿಳಿವಳಿಕೆಯ ಮಾತು ಹೇಳಬೇಕು. ಡೆಂಗಿ, ಇಲಿ ಜ್ವರ, ಕ್ಷಯ, ಹಾವು ಕಡಿತ, ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದು. ನಡೆಸಿದವರ ಹೆಸರು ಇಲ್ಲಿ ಹಾಕುವುದಿಲ್ಲ, ಅವರಿಗೆ ಬೇರೆಯಾಗಿ ಪತ್ರ ಬರೆದಿದ್ದೇನೆ. ಮೊದಲ ಬಹುಮಾನ ಹಾವು ಕಡಿತದ ವಿಡಿಯೋಗೆ ಬಂತು. ಮಂಜಿನ ಮೇಲೆ ಡ್ರೋನ್ ಹಾರಿಸಿ ತೆಗೆದ ತೋಟ, ಒಳ್ಳೆಯ ಸಂಗೀತ, ಕಣ್ಣಿಗೆ ತಂಪು. ಕೊನೆಗೆ ಬರುವಾಗ ಹುಡುಗನೊಬ್ಬ ಹಾವು ಕಚ್ಚಿದ ಕಾಲಿನ ಮೇಲ್ಭಾಗಕ್ಕೆ ಟವೆಲ್ ಸುತ್ತಿ, ಅದರೊಳಗೆ ಕಡ್ಡಿ ತೂರಿಸಿ, ತಿರುಚಿ ತಿರುಚಿ ಬಿಗಿಯುತ್ತಾನೆ. ಕೆಳಗೆ ದೊಡ್ಡ ಅಕ್ಷರದಲ್ಲಿ 'ವಿಷ ಮೇಲೇರದಂತೆ ಬಿಗಿಯಾಗಿ ಕಟ್ಟಿ' ಎಂದು ಬರುತ್ತದೆ.

ಕಟ್ಟಬಾರದು ಸ್ವಾಮಿ. ಕಟ್ಟಲೇಬಾರದು!

ಬಿಗಿದು ಕಟ್ಟಿದರೆ ರಕ್ತ ಓಡಾಟ ನಿಂತು ಕಾಲಿಗೇ ಸಂಚಕಾರ. ಮಂಡಲದ ಹಾವಿನ ವಿಷ ಮಾಂಸವನ್ನು ಕೊಳೆಸುವಂಥದ್ದು, ಅದನ್ನು ಒಂದೇ ಕಡೆ ಕಟ್ಟಿ ಹಾಕಿದರೆ ಕೊಳೆಯುವುದು ಇನ್ನೂ ಜಾಸ್ತಿ. ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚಿದ ಕೂಡಲೇ ನಿಂತಿದ್ದ ವಿಷವೆಲ್ಲ ಒಮ್ಮೆಗೇ ಮೈಗೆ ನುಗ್ಗುತ್ತದೆ. ಕೊಯ್ಯಬಾರದು, ಹೀರಬಾರದು, ಕಟ್ಟಬಾರದು. ಧೈರ್ಯ ಹೇಳಬೇಕು, ಮೂಳೆ ಮುರಿದವನ ಕಾಲಿಗೆ ದಬ್ಬೆ ಕೊಟ್ಟ ಹಾಗೆ ಅಲುಗಾಡದಂತೆ ಇಡಬೇಕು, 108ಕ್ಕೆ ಫೋನ್ ಮಾಡಬೇಕು, ಅದು ಬರುವುದು ತಡವಾದರೆ ಸಿಕ್ಕಿದ ಜೀಪು ಹತ್ತಿಸಬೇಕು. ಇದು ನನ್ನ ಸ್ವಂತ ಬುದ್ಧಿ ಅಲ್ಲ, ಸರ್ಕಾರದ ಚಿಕಿತ್ಸಾ ಮಾರ್ಗಸೂಚಿಯಲ್ಲೇ ಇರುವುದು. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲೇ ಹೇಳಿದೆ. ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಎಂದು ಅಂದಾಜಿದೆ. ಇಷ್ಟು ದೊಡ್ಡ ವಿಷಯಕ್ಕೆ ಬಹುಮಾನ ಕೊಡುವ ಮೊದಲು ಒಬ್ಬ ಡಾಕ್ಟರಿಗೆ ತೋರಿಸಲು ಇವರಿಗೆ ಪುರುಸೊತ್ತು ಸಿಗಲಿಲ್ಲವೇ?

ನಾನು ದಕ್ಷಿಣ ಕೊಡಗಿನ ಒಂದು ಕಾಫಿ ತೋಟದಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್. ಹತ್ತೊಂಬತ್ತು ವರ್ಷವಾಯಿತು. ನಮ್ಮಲ್ಲಿ ಹಾವು ಎಂದರೆ ಪುಸ್ತಕದ ಮಾತಲ್ಲ. ಕಳೆ ಹೊಡೆಯುವಾಗ, ಚಿಗುರು ತೆಗೆಯುವಾಗ, ಕಾಫಿ ಕುಯ್ಯುವಾಗ ಬುಡದಲ್ಲಿ ಬಿದ್ದ ಹಣ್ಣು ಹೆಕ್ಕುವ ಹೆಂಗಸರ ಬೆರಳು ನೇರ ತರಗೆಲೆಯೊಳಕ್ಕೇ ಹೋಗುತ್ತದೆ. ಆ ಎಲೆಯದೇ ಬಣ್ಣದ, ಮೂಗಿನ ತುದಿ ಮೇಲಕ್ಕೆ ಮಡಚಿದ ಒಂದು ಗಿಡ್ಡ ಹಾವು ಇದೆ, ಕಣ್ಣಿಗೆ ಬೀಳುವುದೇ ಇಲ್ಲ. ನಮ್ಮ ದೇಶದಲ್ಲಿ ಸಿಗುವ ವಿಷನಿರೋಧಕ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೆ ಮಾತ್ರ. ಈ ಗಿಡ್ಡ ಹಾವಿಗೆ ಅದು ನಾಟುವುದಿಲ್ಲ. ಅಂದ ಮೇಲೆ ಕಚ್ಚಿದ ಮೊದಲ ಗಂಟೆಯಲ್ಲಿ ನಾವು ಏನು ಮಾಡುತ್ತೇವೆ, ಏನು ಮಾಡದೆ ಬಿಡುತ್ತೇವೆ ಅನ್ನುವುದೇ ದೊಡ್ಡದು.

ಏಳು ವರ್ಷದ ಹಿಂದೆ ನಮ್ಮ ಲೈನ್ ಮನೆಯ, ಅಂದರೆ ತೋಟದ ಕೆಲಸದವರು ಇರುವ ಸಾಲು ಮನೆಯ, ಒಬ್ಬರಿಗೆ ಸಂಜೆ ಸೌದೆ ತರುವಾಗ ಪಾದಕ್ಕೆ ಕಚ್ಚಿತು. ಜೊತೆಯಲ್ಲಿದ್ದವರು ಗೊಬ್ಬರದ ಚೀಲದ ಪ್ಲಾಸ್ಟಿಕ್ ಹಗ್ಗದಿಂದ ಮೊಣಕಾಲಿನ ಕೆಳಗೆ ಬಿಗಿದು ಕಟ್ಟಿದರು. ಒಳ್ಳೆಯದಾಗಲಿ ಎಂದೇ ಕಟ್ಟಿದರು. ದಾರಿಯಲ್ಲಿ ಆನೆ ನಿಂತಿತ್ತು, ಜೀಪು ಮುಂದೆ ಹೋಗಲು ಮುಕ್ಕಾಲು ಗಂಟೆ ಕಾಯಬೇಕಾಯಿತು. ಆಸ್ಪತ್ರೆ ಮುಟ್ಟುವಾಗ ಕಾಲು ಕಪ್ಪಾಗಿತ್ತು. ಜೀವ ಉಳಿಯಿತು, ಪಾದ ಉಳಿಯಲಿಲ್ಲ. ಮರ ಹತ್ತಿ ಮೆಣಸು ಕುಯ್ಯುತ್ತಿದ್ದ ಮನುಷ್ಯ ಈಗ ಕಣದಲ್ಲಿ ಕೂತು ಕಾಫಿ ಹರಡುತ್ತಾರೆ. ಆ ಹಗ್ಗದ ಗುರುತು ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ಅವರನ್ನೇ ಒಪ್ಪಿಸಿ ನಾನು ಈ ಸ್ಪರ್ಧೆಗೆ ವಿಡಿಯೋ ಮಾಡಿದ್ದೆ. ಕಣದಲ್ಲಿ ಕೂತು, ಕೋಲು ಪಕ್ಕಕ್ಕಿಟ್ಟು, ಅರ್ಧ ಕನ್ನಡದಲ್ಲಿ ಅರ್ಧ ತಮ್ಮ ಎರವ ಬುಡಕಟ್ಟಿನ ಭಾಷೆಯಲ್ಲಿ ಅವರು ಹೇಳಿದರು: 'ನನಗೆ ಹಗ್ಗ ಕಟ್ಟಿದರು, ನೀವು ಕಟ್ಟಬೇಡಿ.' ಅಷ್ಟೇ. ಕರೆಂಟು ಹೋಗಿ ನಾಲ್ಕು ದಿನವಾಗಿತ್ತು. ಸಾವುಕಾರರ ಮನೆಯ ಜನರೇಟರಿನಲ್ಲಿ ಫೋನ್ ಚಾರ್ಜ್ ಮಾಡಿಕೊಂಡು, ಕೊಡೆ ಹಿಡಿದು ಬಾಣೆ ಗುಡ್ಡದ ತುದಿಗೆ ಹತ್ತಿ, ನೆಟ್‌ವರ್ಕ್ ಬರುವ ಒಂದೇ ಜಾಗದಲ್ಲಿ ನಿಂತು ಕಳಿಸಿದೆ. ಜಿಗಣೆ ಕಚ್ಚಿ ಕಾಲೆಲ್ಲ ರಕ್ತ. ಬಹುಮಾನ ಬರಲಿಲ್ಲ, ಅದಕ್ಕೆ ನನಗೆ ಬೇಸರವಿಲ್ಲ, ದೇವರಾಣೆಗೂ ಇಲ್ಲ. ಆದರೆ ಅರ್ಧ ಅಂಕ ಲೈಕಿಗೆ ಅಂತೆ! ಲೈನ್ ಮನೆಯ ಜನ ಎಲ್ಲಿಂದ ಲೈಕ್ ತರಬೇಕು? ಉಳಿದ ಅರ್ಧ ಚಿತ್ರೀಕರಣಕ್ಕೆ, ಸಂಗೀತಕ್ಕೆ, ಸಂಕಲನಕ್ಕೆ. ಹೇಳಿದ ಮಾತು ಸರಿಯೋ ತಪ್ಪೋ ಅನ್ನುವುದಕ್ಕೆ ಒಂದು ಅಂಕವೂ ಇಲ್ಲ. ನಮ್ಮ ವಿಡಿಯೋ ಬಗ್ಗೆ ಬಂದ ಉತ್ತರ 'ಭಾಷೆ ಸ್ಪಷ್ಟವಾಗಿಲ್ಲ'. ಯಾರಿಗೆ ಸ್ಪಷ್ಟವಾಗಿಲ್ಲ? ಹಾವು ಕಚ್ಚಿಸಿಕೊಳ್ಳುವವರಿಗೆ ಅದು ಅವ್ವನ ಭಾಷೆ.

ಫಲಿತಾಂಶ ಬಂದ ದಿನವೇ ನಡೆಸಿದವರಿಗೆ ಫೋನ್ ಮಾಡಿದೆ. 'ಸಾರ್, ಅದು ತಪ್ಪು, ಜನ ಅದನ್ನೇ ಮಾಡುತ್ತಾರೆ, ದಯವಿಟ್ಟು ತೆಗೆಯಿರಿ' ಎಂದೆ. 'ಮಕ್ಕಳು ಕಷ್ಟಪಟ್ಟು ಮಾಡಿದ್ದಾರೆ, ಸೋತವರು ಹೀಗೆಲ್ಲ ಮಾತಾಡಬಾರದು' ಎಂದರು. ಆ ಮಕ್ಕಳ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಅವರು ಯಾವುದೋ ಸಿನಿಮಾದಲ್ಲಿ ನೋಡಿದ್ದನ್ನು ಮಾಡಿದ್ದಾರೆ. ತಿದ್ದಬೇಕಾದ ಹಿರಿಯರೇ ಹಾರ ಹಾಕಿ ಕಳಿಸಿದರಲ್ಲ, ಸಿಟ್ಟು ಅದಕ್ಕೆ. ಎರಡನೇ ಸಲ ಫೋನ್ ಮಾಡಿದಾಗ 'ಸಮಿತಿಯ ಮುಂದೆ ಇಡುತ್ತೇವೆ' ಎಂದರು. ಸಮಿತಿ ಸೇರುವವರೆಗೆ ಹಾವು ಕಾಯುತ್ತದೆಯೇ?

ಇವತ್ತು ಬೆಳಗ್ಗೆ ಹಾಜರಿ ಹಾಕುವಾಗ ಆ ಬಹುಮಾನದ ವಿಡಿಯೋ ನಮ್ಮ ಕೆಲಸದವರ ಫೋನಿಗೂ ಬಂದು ಮುಟ್ಟಿತ್ತು. ಅಸ್ಸಾಮಿನ ಹುಡುಗರೂ ಸುತ್ತ ನಿಂತು ನೋಡುತ್ತಿದ್ದರು. ಅವರಿಗೆ ಕನ್ನಡ ಓದಲು ಬಾರದು, ಆದರೆ ಟವೆಲ್ ಬಿಗಿಯುವುದು ಅರ್ಥವಾಗಲು ಯಾವ ಭಾಷೆ ಬೇಕು? ಲೈನಿನ ಒಬ್ಬ ಅಕ್ಕ ನನ್ನ ಹತ್ತಿರ ಬಂದು ಕೇಳಿದಳು: 'ರೈಟ್ರೇ, ನೀವು ಕಟ್ಟಬೇಡ ಅಂತೀರಿ. ಇವರಿಗೆ ಕಟ್ಟಿದ್ದಕ್ಕೆ ದುಡ್ಡು ಕೊಟ್ಟಿದ್ದಾರಲ್ಲ. ಯಾರ ಮಾತು ಕೇಳೋದು?'

ಪಾದ ಕಳಕೊಂಡವರು ಅಲ್ಲೇ ಜಗಲಿಯಲ್ಲಿ ಕೂತಿದ್ದರು. ಮಾತಾಡಲಿಲ್ಲ. ಪಂಚೆ ಮೇಲಕ್ಕೆ ಸರಿಸಿ ಕಾಲು ತೋರಿಸಿದರು.

ಸ್ಪರ್ಧೆ ನಡೆಸಿದವರೇ, ಬಹುಮಾನದ ದುಡ್ಡು ಆ ಮಕ್ಕಳ ಹತ್ತಿರವೇ ಇರಲಿ. ವಿಡಿಯೋ ಮಾತ್ರ ತೆಗೆಯಿರಿ. ತೆಗೆದು ಸುಮ್ಮನಿರಬೇಡಿ, ಎಲ್ಲೆಲ್ಲಿಗೆ ಕಳಿಸಿದ್ದೀರೋ ಅಲ್ಲಲ್ಲಿಗೆ 'ಇದು ತಪ್ಪು, ಕಟ್ಟಬೇಡಿ' ಎಂದು ಮತ್ತೆ ಕಳಿಸಿ, ಅದೇ ಮಕ್ಕಳ ಬಾಯಲ್ಲೇ ಹೇಳಿಸಿ. ಶನಿವಾರ ನಮ್ಮಲ್ಲಿ ಬಟವಾಡೆ, ಎಲ್ಲರೂ ಒಂದೇ ಕಡೆ ಸೇರುತ್ತಾರೆ. ಅಷ್ಟರೊಳಗೆ ಕಳಿಸಿದರೆ ನಾನೇ ನಿಂತು ಎಲ್ಲರಿಗೂ ತೋರಿಸುತ್ತೇನೆ.