ಹಂಚಿನ ಮಾಡು ಮತ್ತು ನೈಲಾನ್ ಬಲೆ

ಸಂಕ್ರಾಂತಿಯ ಮಾರನೆಯ ದಿನ ನಮ್ಮ ಸೊಸೈಟಿಯ ಲಿಫ್ಟಿನ ಪಕ್ಕದ ಫಲಕದಲ್ಲಿ ಮರಾಠಿಯ ಸೂಚನೆಯೊಂದು ಕಾಣಿಸಿಕೊಂಡಿತು. ಕಿಟಕಿಯಲ್ಲಾಗಲಿ, ಗ್ಯಾಲರಿಯಲ್ಲಾಗಲಿ, ತಾರಸಿಯ ಮೇಲಾಗಲಿ ಪಕ್ಷಿಗಳಿಗೆ ಆಹಾರ ಇಟ್ಟವರು 500 ರೂಪಾಯಿ ದಂಡ ತೆರಬೇಕು ಎಂಬುದು ಅದರ ಸಾರ. ಇದು ಪಾರಿವಾಳಗಳ ಮಾತು, ನನಗೂ ಇದಕ್ಕೂ ಸಂಬಂಧವಿಲ್ಲ ಎಂದುಕೊಂಡು ಮುಂದೆ ಹೋದೆ. ಫಾಲ್ಗುಣದಲ್ಲಿ ಅಮ್ಮನ ತಿಥಿ ಬಂತು. ಬಾಳೆಲೆಯ ತುಂಡಿನಲ್ಲಿ ಎಡೆ ಬಡಿಸಿ, ಗ್ಯಾಲರಿಯ ಕಟ್ಟೆಯ ಮೇಲಿಟ್ಟು, ಅಕ್ಕಪಕ್ಕದವರಿಗೆ ಕೇಳಿಸದಷ್ಟು ಮೆಲ್ಲಗೆ ‘ಕಾ ಕಾ’ ಎಂದು ಕರೆದೆ. ಕಾಗೆ ಬಂತು, ಉಂಡಿತು, ಹೋಯಿತು. ಸಂಜೆ ಸೊಸೈಟಿಯ ಸೆಕ್ರೆಟರಿ ರಸೀತಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಕಾಕಾ, ಪಾರಿವಾಳವಾಗಲಿ ಕಾಗೆಯಾಗಲಿ, ನಿಯಮ ಎಲ್ಲರಿಗೂ ಒಂದೇ” ಎಂದರು. ಮರಾಠಿಯ ಕಾಕಾ ಎಂದರೆ ಚಿಕ್ಕಪ್ಪ ಎಂಬುದು ಮೂವತ್ತು ವರ್ಷ ಮುಂಬೈಯಲ್ಲಿದ್ದ ನನಗೆ ತಿಳಿಯದ್ದೇನಲ್ಲ. ಆದರೂ ಆ ದಿನ ಆ ಶಬ್ದ ಕಿವಿಗೆ ಬೇರೆಯೇ ರೀತಿ ಬಿತ್ತು.

ಪಾರಿವಾಳದ ವಿಷಯದಲ್ಲಿ ಅವರ ಸಿಟ್ಟು ನನಗೂ ಅರ್ಥವಾಗುತ್ತದೆ. ಅದು ಮೂಲತಃ ಬಂಡೆಯ ಸಂದುಗಳಲ್ಲಿ ಮೊಟ್ಟೆಯಿಡುವ ಹಕ್ಕಿ. ಇಪ್ಪತ್ತು ಮಾಳಿಗೆಯ ಕಟ್ಟಡವೂ, ಅದರ ಕಿಟಕಿಗೆ ಅಂಟಿಕೊಂಡ ಎಸಿ ಪೆಟ್ಟಿಗೆಯೂ ಅದರ ಕಣ್ಣಿಗೆ ಬಂಡೆಯೇ. ಅಲ್ಲಿ ಅದು ಒಂದು ಬಾರಿಗೆ ಎರಡರಂತೆ ಮೊಟ್ಟೆಯಿಟ್ಟು ವರ್ಷದ ಬಹುಪಾಲು ಮರಿ ಮಾಡುತ್ತದೆ, ಒಣಗಿದ ಹಿಕ್ಕೆಯ ಧೂಳು ಮನುಷ್ಯರ ಶ್ವಾಸಕೋಶಕ್ಕೆ ಇಳಿಯುತ್ತದೆ. 2025ರ ಜುಲೈಯಲ್ಲಿ, ಜನ ಪಾರಿವಾಳಗಳಿಗೆ ಕಾಳು ಹಾಕುವ ಜಾಗಗಳಾದ ನಗರದ 51 ಕಬೂತರ್‌ಖಾನಾಗಳನ್ನು ಮುಚ್ಚಬೇಕೆಂದು ಸರಕಾರ ಹೇಳಿದ್ದು, ದಾದರಿನ ಕಬೂತರ್‌ಖಾನಾಕ್ಕೆ ಹೊದಿಸಿದ ತಾಡಪಾಲನ್ನು ಆಗಸ್ಟ್‌ನಲ್ಲಿ ಜನರು ಹರಿದೆಸೆದದ್ದು, ಜಗಳ ಹೈಕೋರ್ಟಿನವರೆಗೆ ಹೋದದ್ದು ಇಲ್ಲಿರುವವರಿಗೆಲ್ಲ ಗೊತ್ತು. ನನಗೆ ಕುತೂಹಲ ಹುಟ್ಟಿಸಿದ್ದು ನಮ್ಮ ಮೂರನೆಯ ಮಾಳಿಗೆಯ ಹಿರಿಯರೊಬ್ಬರು. ಪ್ರತಿ ಭಾನುವಾರ ದಾದರಿಗೆ ಹೋಗಿ ಒಂದು ಡಬ್ಬಿ ಜೋಳ ಚೆಲ್ಲಿ, ಕೈ ಕೊಡವಿಕೊಂಡು, ಟ್ಯಾಕ್ಸಿ ಹತ್ತಿ ಮರಳುತ್ತಿದ್ದ ಅವರ ಮನೆಯ ನಾಲ್ಕೂ ಕಿಟಕಿಗಳಿಗೆ ಪಾರಿವಾಳ ಒಳಬಾರದಂತೆ ನೈಲಾನ್ ಬಲೆ ಬಿಗಿದಿತ್ತು. ಹಕ್ಕಿಗೆ ಕಾಳು ಕೊಡಬಹುದು, ಜಾಗ ಮಾತ್ರ ಕೊಡಲಾಗದು ಎಂಬ ಈ ಲೆಕ್ಕಾಚಾರ ಮುಂಬೈಯಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ.

ಕುಂದಾಪುರದ ಕಡೆಯ ನಮ್ಮ ಮನೆಯಲ್ಲಿ ಹಕ್ಕಿಗೆಂದು ಯಾರೂ ಒಂದು ಹಿಡಿ ಅಕ್ಕಿ ತೆಗೆದಿಟ್ಟದ್ದು ನನಗೆ ನೆನಪಿಲ್ಲ. ತೆಗೆದಿಡುವ ಅಗತ್ಯವೇ ಬೀಳುತ್ತಿರಲಿಲ್ಲ. ಹಂಚಿನ ಮಾಡಿಗೂ ಅದನ್ನು ಹೊರುವ ಮರದ ಪಕಾಸಿಗೂ ನಡುವಿನ ಸಂದು ಗುಬ್ಬಚ್ಚಿಗಳದ್ದು, ಅಕ್ಕಿಮುಡಿ ಕಟ್ಟಿ ಉಳಿದ ಹುಲ್ಲು ಅವುಗಳ ಗೂಡಿಗೆ. ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಉಳಿದ ಕುಚ್ಚಲಕ್ಕಿಯ ಅಗುಳು ಕಾಗೆಗೆ, ಬಾವಿಕಟ್ಟೆಯ ಕಲ್ಲು ಸವೆದು ಆದ ಗುಂಡಿಯ ನೀರು ಮಡಿವಾಳ ಹಕ್ಕಿಗೆ. ನವರಾತ್ರಿಯ ಹೊತ್ತಿಗೆ ಚಾವಡಿಯ ಕಂಬಕ್ಕೂ ಬಾಗಿಲಿಗೂ ಕಟ್ಟಿದ ಕದಿರಿನಲ್ಲಿ ದೀಪಾವಳಿಯ ಹೊತ್ತಿಗೆ ಬರೀ ಹೊಟ್ಟು ತೂಗುತ್ತಿತ್ತು. ಅದಕ್ಕಾಗಿ ಯಾರೂ ಬೇಸರಿಸಿಕೊಂಡದ್ದಿಲ್ಲ. ಅಂಗಳದಲ್ಲಿ ಭತ್ತ ಹರವಿದಾಗ ಹಕ್ಕಿ ಓಡಿಸುವ ಕೆಲಸ ಮಕ್ಕಳಾದ ನಮ್ಮದಾಗಿತ್ತು. ನಾನು ಒಮ್ಮೆ ಕಲ್ಲು ಎತ್ತಿಕೊಂಡದ್ದನ್ನು ಕಂಡು ಅಜ್ಜಿ ಒಳಗಿನಿಂದಲೇ “ಓಡ್ಸ್ ಮಗಾ, ಹೊಡುಕಾಗ” ಎಂದಿದ್ದರು. ಪಕ್ಷಿಸಂರಕ್ಷಣೆಯ ಕುರಿತು ನಮ್ಮ ಮನೆಯಲ್ಲಿ ನಡೆದ ಉಪನ್ಯಾಸ ಅದೊಂದೇ.

ಆ ಮನೆಯಲ್ಲಿ ಗುಬ್ಬಚ್ಚಿ ಬದುಕಿದ್ದು ಕಾಳಿನಿಂದ ಮಾತ್ರವಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ದೊಡ್ಡ ಗುಬ್ಬಚ್ಚಿ ಧಾನ್ಯ ತಿಂದರೂ ಮರಿಗಳಿಗೆ ಮೊದಲ ದಿನಗಳಲ್ಲಿ ಹುಳು ಬೇಕು, ಆ ಹುಳು ಹಟ್ಟಿಯಲ್ಲಿ, ಗೊಬ್ಬರದ ಗುಂಡಿಯಲ್ಲಿ, ಬಸಳೆ ಚಪ್ಪರದಲ್ಲಿ ಬೇಕಾದಷ್ಟು ಇರುತ್ತಿತ್ತು. ನಮ್ಮ ಸೊಸೈಟಿಯವರೂ ಒಂದು ಮಾರ್ಚ್ 20ರಂದು ಗುಬ್ಬಚ್ಚಿ ದಿನವೆಂದು ಆರು ಮರದ ಗೂಡುಗಳನ್ನು ತೂಗುಹಾಕಿ ಫೋಟೊ ತೆಗೆಸಿಕೊಂಡರು, ಅದೇ ವಾರ ತೋಟಕ್ಕೆಲ್ಲ ಕೀಟನಾಶಕ ಹೊಡೆಸಿದರು. ಗೂಡುಗಳು ಈಗಲೂ ತೂಗುತ್ತಿವೆ. ಒಂದರೊಳಗೆ ಇರುವೆಗಳಿವೆ.

ಹಿಕ್ಕೆಯ ಮಾತು ಬಂದಾಗಲೆಲ್ಲ ನನಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನೆನಪಾಗುತ್ತದೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಮರದಡಿಯ ವಾಸನೆ ಏನು ಕಡಿಮೆಯಲ್ಲ, ಆದರೆ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ, ಹಕ್ಕಿ ಬಂದರೆ ಊರಿಗೆ ಒಳ್ಳೆಯದೆಂಬ ನಂಬಿಕೆಯೂ ಇದೆ. ಹೊಲವೇ ಇಲ್ಲದ ಮುಂಬೈ ಆ ಗೊಬ್ಬರವನ್ನು ಎಲ್ಲಿ ಸುರಿಯಬೇಕೆಂದು ಯಾರಾದರೂ ಕೇಳಿದರೆ ಉತ್ತರ ನನ್ನ ಬಳಿಯಿಲ್ಲ. ಮರುಪ್ರಶ್ನೆಗೆ ಹೆದರಿ ಸೆಕ್ರೆಟರಿಯವರ ಮುಂದೆ ಈ ಉದಾಹರಣೆಯನ್ನು ನಾನು ಎತ್ತಲೇ ಇಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಬರಹ ಊರಿನ ಪರವಾಗಿ ಚೆನ್ನಾಗಿಯೇ ಮುಗಿಯುತ್ತಿತ್ತು. ಆದರೆ ಹೋದ ವರ್ಷ ಅಮ್ಮನ ತಿಥಿಯನ್ನು ಊರಿನಲ್ಲೇ ಮಾಡಿದ್ದೆವು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಅಣ್ಣ ಹಳೆಯ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದ್ದಾನೆ. ಮಾಡಿಲ್ಲ, ಪಕಾಸಿಲ್ಲ, ಹಟ್ಟಿಯಿದ್ದಲ್ಲಿ ಕಾರು ನಿಲ್ಲುತ್ತದೆ, ಅಂಗಳಕ್ಕೆ ಇಂಟರ್‌ಲಾಕ್ ಹಾಸಿದೆ, ಬಾವಿಗೆ ಕಬ್ಬಿಣದ ಜಾಲರಿ ಮುಚ್ಚಿದೆ. ಕದಿರು ಕಟ್ಟುವುದನ್ನು ಬಿಟ್ಟಿಲ್ಲ, ಆದರೆ ಗದ್ದೆ ಹಡಿಲು ಬಿದ್ದಿರುವುದರಿಂದ ಅದನ್ನು ದೇವಸ್ಥಾನದಿಂದ ತರುತ್ತಾರೆ. ಬಾಗಿಲ ಮೇಲೆ ಕಟ್ಟಿದ ಕದಿರಿನಲ್ಲಿ ಒಂದು ಕಾಳೂ ಕಡಿಮೆಯಾಗದೆ ಹಾಗೇ ಉಳಿದಿದ್ದುದನ್ನು ನಾನೇ ನೋಡಿದೆ. ತಿಥಿಯ ದಿನ ಎಡೆಯಿಟ್ಟು ಎರಡು ಗಂಟೆ ಕಾದರೂ ಕಾಗೆ ಬರಲಿಲ್ಲ. “ಈಗೀಗ ಹೀಗೇ ಮಾರಾಯ, ಊಟಕ್ಕೆ ಕೂರುವ” ಎಂದ ಅಣ್ಣ. ಮುಂಬೈಯ ಕಾಗೆಯಾದರೋ ನಾನು ಕೈ ಮುಗಿದು ಹಿಂದೆ ಸರಿಯುವ ಮೊದಲೇ ಹಾಜರಾಗಿತ್ತು. ಮಾಟುಂಗದ ಮಾರುಕಟ್ಟೆಯ ಧಾನ್ಯದ ಅಂಗಡಿಗಳ ಮುಂದೆ ಗುಬ್ಬಚ್ಚಿಗಳು ಈಗಲೂ ಚೀಲಗಳ ನಡುವೆ ಕುಪ್ಪಳಿಸುತ್ತಿರುತ್ತವೆ, ಅಂಗಡಿಯವರು ಅವುಗಳನ್ನು ಗಮನಿಸುವುದೂ ಇಲ್ಲ, ಓಡಿಸುವುದೂ ಇಲ್ಲ, ಥೇಟ್ ನಮ್ಮ ಹಳೆಯ ಮನೆಯವರಂತೆ. ನಾವು ಹೆಮ್ಮೆಪಡುವ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಗಲು ಮೈಸೂರು ಅರಸರ ಮನವೊಲಿಸಿದ ಸಲೀಂ ಅಲಿಯವರೂ ಮುಂಬೈಯಲ್ಲೇ ಹುಟ್ಟಿದವರು.

ದಂಡ ಕಟ್ಟಿದ ಸಿಟ್ಟಿನಲ್ಲಿ ನಾನು ಕಾಳು ಇಡುವುದನ್ನು ಬಿಟ್ಟು ಗ್ಯಾಲರಿಯನ್ನೇ ಊರಿನಂತೆ ಮಾಡಲು ಹೊರಟೆ, ಅಂದರೆ ಏನೂ ಮಾಡದೆ ಬಿಟ್ಟೆ. ಕರಿಬೇವಿನ ಗಿಡಕ್ಕೆ ಹಕ್ಕಿಯ ಹಿಕ್ಕೆಯಂತೆಯೇ ಕಾಣುವ ಚಿಟ್ಟೆಮರಿ ಹತ್ತಿದಾಗ ಔಷಧ ಹೊಡೆಯಲಿಲ್ಲ, ಮಣ್ಣಿನ ಅಗಲ ತಟ್ಟೆಯಲ್ಲಿ ಎರಡು ಬೆರಳಿನಷ್ಟು ನೀರಿಟ್ಟೆ, ದಿನವೂ ಬದಲಿಸಿದೆ. ಏಪ್ರಿಲ್‌ನಲ್ಲಿ ಜೋಡಿ ಪಿಕಳಾರಗಳು ದಾಸವಾಳದ ಕುಂಡದಲ್ಲಿ ಬಟ್ಟಲಿನಂಥ ಗೂಡು ಕಟ್ಟಿ ಮೂರು ಮೊಟ್ಟೆಯಿಟ್ಟವು. ಅದೇ ವಾರ ಕಟ್ಟಡಕ್ಕೆ ಬಣ್ಣ ಬಳಿಯಲು ಬಿದಿರಿನ ಸಾರುವೆ ಮೇಲೇರುತ್ತಿತ್ತು. ಸಂಕೋಚದಿಂದಲೇ ಸೆಕ್ರೆಟರಿಯವರನ್ನು ಕರೆದು ತೋರಿಸಿದೆ. ಕಿಟಕಿಯ ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದರು, ಮರಿ ಹಾರಲು ಎಷ್ಟು ದಿನ ಬೇಕೆಂದು ಕೇಳಿದರು. ಕಾವು ಹನ್ನೆರಡು ಹದಿಮೂರು ದಿನ, ಆಮೇಲೆ ಮತ್ತೆ ಅಷ್ಟೇ ಎಂದೆ. ಮರುದಿನ ಬೆಳಿಗ್ಗೆ ನಮ್ಮ ಬದಿಯ ಸಾರುವೆ ಎರಡನೆಯ ಮಾಳಿಗೆಯಲ್ಲೇ ನಿಂತಿತ್ತು, ಕಂಟ್ರಾಕ್ಟರ್ ಕೆಳಗೆ ಗೊಣಗುತ್ತಿದ್ದ. ಎರಡು ಮರಿ ಹಾರಿಹೋದ ಮೇಲೆಯೇ ಬಣ್ಣ ನನ್ನ ಗ್ಯಾಲರಿಗೆ ಬಂತು. ಕಾಗೆಯ 500 ರೂಪಾಯಿಯನ್ನು ಮಾತ್ರ ಅವರು ಮರಳಿಸಲಿಲ್ಲ. ಕೇಳಿಯೂ ನೋಡಿದೆ.