ಬಾಣಂತಿಗೆ ಕಡಲಪಾಚಿ ಸಾರು

ಮಗಳು ಹುಟ್ಟಿ ಮನೆಗೆ ಬಂದ ವಾರ. ಇಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಪಕ್ಕದ ಮನೆಯ ಅಜ್ಜಿ ಪಾತ್ರೆ ತುಂಬ ಮಿಯೊಕ್‌ಗುಕ್ ತಂದುಕೊಟ್ಟರು. ಕಡಲಪಾಚಿಯ ಸಾರು. ಸಾಮಾನ್ಯವಾಗಿ ದನದ ಮಾಂಸ ಹಾಕುತ್ತಾರೆ. ನಾವು ತಿನ್ನಲ್ಲ ಅಂತ ಅಜ್ಜಿ ಬರೀ ಎಳ್ಳೆಣ್ಣೆಯಲ್ಲಿ ಹುರಿದು ಮಾಡಿದ್ದರು. ವಿಡಿಯೊ ಕಾಲ್‌ನಲ್ಲಿ ನೋಡಿದ ಅಮ್ಮನ ಮುಖ ಸಣ್ಣದಾಯಿತು. 'ಬಾಣಂತಿಗೆ ಪಾಚಿ ತಿನ್ನಿಸ್ತೀರೇನೋ? ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ ಮಾಡಿಕೊಡೋಕಾಗಲ್ವಾ?'

ಆದರೆ ಇಬ್ಬರ ಮಾತೂ ಒಂದೇ: ಎದೆಹಾಲು ಚೆನ್ನಾಗಿ ಬರುತ್ತೆ. ಇಲ್ಲಿ ಹುಟ್ಟುಹಬ್ಬಕ್ಕೂ ಇದೇ ಸಾರು. ಪರೀಕ್ಷೆ ದಿನ ಮಾತ್ರ ಮುಟ್ಟುವುದಿಲ್ಲ. ಪಾಚಿ ಜಾರುತ್ತೆ, ಅದನ್ನು ತಿಂದರೆ ಪರೀಕ್ಷೆಯಲ್ಲೂ ಜಾರಿಬಿಡ್ತಾರಂತೆ!

ಪಾಚಿಯಲ್ಲಿ ನಾರು, ಕ್ಯಾಲ್ಸಿಯಂ, ಅಯೋಡಿನ್ ಇದೆ. ತೊಂದರೆ ಇರುವುದೂ ಆ ಅಯೋಡಿನ್‌ನಲ್ಲೇ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು, ಹಾಲುಣಿಸುವ ತಾಯಿಗೆ 250. ನಮ್ಮೂರಲ್ಲಿ ಅಯೋಡಿನ್ ಉಪ್ಪೇ ಅದನ್ನು ಕೊಡುತ್ತದೆ. ಇಲ್ಲಿ ಒಂದು ಬಟ್ಟಲು ಸಾರಿನಲ್ಲೇ ಅದನ್ನು ಮೀರಬಹುದು. ಒಣಗಿದ ಮಿಯೊಕ್, ಅಂದರೆ ಈ ಸಾರಿನ ಪಾಚಿ, ಒಂದು ಮುಷ್ಟಿ ನೆನೆಸಿ ನೋಡಿ, ಬೋಗುಣಿ ತುಂಬುತ್ತೆ. ನಾನು ಮೊದಲ ಸಲ ಅರ್ಧ ಪೊಟ್ಟಣ ಸುರಿದು ಬಕೆಟ್ ಹುಡುಕಿದ್ದೆ. ಸಾರಿಗೆ ರುಚಿ ಬರಲೆಂದು ಕುದಿಸಿ ತೆಗೆಯುವ ದಾಶಿಮಾ ಎಂಬ ಇನ್ನೊಂದು ಕಡಲಪಾಚಿಯಲ್ಲಂತೂ ಅಯೋಡಿನ್ ಇನ್ನೂ ಜಾಸ್ತಿ. ಅಯೋಡಿನ್ ನೀರಿಗೆ ಇಳಿಯುವುದರಿಂದ ಎಲೆ ತೆಗೆದರೂ ಪ್ರಯೋಜನ ಕಡಿಮೆ. ಆಸ್ಟ್ರೇಲಿಯಾದಲ್ಲಿ ತಾಯಂದಿರು ದಿನವೂ ಇಂಥ ಸಾರು ಕುಡಿದು, ಅತಿ ಅಯೋಡಿನ್‌ನಿಂದ ಹಸುಗೂಸಿನ ಥೈರಾಯ್ಡ್ ಗ್ರಂಥಿಯ ಕೆಲಸ ಕುಂದಿದ ಪ್ರಕರಣಗಳು ವೈದ್ಯರ ಕಣ್ಣಿಗೆ ಬಿದ್ದಿವೆ.

ಹಾಗಂತ ಅಜ್ಜಿಯ ಸಾರಿನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ನಮ್ಮವರ ಮೇಲೆ. ಬೆಂಗಳೂರಿನ ಅತ್ತಿಗೆ ಫೋನ್ ಮಾಡಿ, 'ಪಾಚಿ ಕ್ಯಾಪ್ಸೂಲ್ ಥೈರಾಯ್ಡ್‌ಗೆ ಒಳ್ಳೇದಂತೆ, ಬರುವಾಗ ತಂದ್ಬಿಡು' ಅಂದರು. ಅವರು ಥೈರಾಯ್ಡ್ ಮಾತ್ರೆ ನುಂಗುತ್ತಿರುವುದು ಹತ್ತು ವರ್ಷದಿಂದ. ಈಗ ಆ ಕಾಯಿಲೆ ಬಹಳ ಮಂದಿಗೆ ಬರುವುದು ಅಯೋಡಿನ್ ಕೊರತೆಯಿಂದಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿ ಬೀಳುವುದರಿಂದ. ಅಂಥವರಿಗೆ ಅತಿ ಅಯೋಡಿನ್ ಇನ್ನೂ ಕೆಡುಕು. ಇಲ್ಲಿಯವರು ಊಟದ ಜೊತೆ ತಿನ್ನುವುದನ್ನು ನಾವು ಸುಮ್ನೆ ಔಷಧಿ ಮಾಡಿಬಿಡ್ತೀವಿ. ಮಾವನವರಿಗೂ ಬೇಡ ಅಂದೆ. ರಕ್ತ ಹೆಪ್ಪುಗಟ್ಟದಂತೆ ಅವರು ವಾರ್ಫರಿನ್ ತಗೊಳ್ತಾರೆ, ಪಾಚಿಯ ವಿಟಮಿನ್ ಕೆ ಅದಕ್ಕೆ ಅಡ್ಡ ಬರುತ್ತದೆ. ಹಿಜಿಕಿ ಎಂಬ ಕಪ್ಪು ಪಾಚಿಯನ್ನಂತೂ ತಿನ್ನಲೇಬೇಡಿ ಎಂದು 2004ರಲ್ಲಿ ಬ್ರಿಟನ್ನಿನ ಆಹಾರ ಸಂಸ್ಥೆ ಹೇಳಿತ್ತು. ಕಾರಣ, ಅದರಲ್ಲಿರುವ ಆರ್ಸೆನಿಕ್.

ಹೆಂಡತಿ ವಾರಕ್ಕೊಮ್ಮೆ ಒಂದು ಸಣ್ಣ ಬಟ್ಟಲು ಕುಡಿದಳು, ಉಳಿದ ದಿನ ಮೆಣಸಿನ ಸಾರು. ಅಜ್ಜಿಗೂ ಒಂದು ಲೋಟ ಕೊಟ್ಟೆವು. ಕೆಮ್ಮಿದರು, ಕಣ್ಣೀರು ಒರೆಸಿಕೊಂಡರು, ಆಮೇಲೆ ಲೋಟ ಮುಂದೆ ಚಾಚಿದರು.