ಈ ಸೀಸನ್‌ಗೂ ಕನ್ನಡ ಇಲ್ವಾ?

ಅಕ್ಟೋಬರ್‌ನ ಅನಿಮೆ (ಜಪಾನಿನ ಕಾರ್ಟೂನ್) ಸೀಸನ್‌ಗೆ ಕಾದು ಕೂತಿದ್ದೆ. ನಿನ್ನೆ ರಾತ್ರಿ ಡಬ್ ಆಗೋ ಭಾಷೆಗಳ ಪಟ್ಟಿ ನೋಡಿದೆ. ಹಿಂದಿ, ತಮಿಳು, ತೆಲುಗು. ಮುಗೀತು. ಮತ್ತೆ ಕನ್ನಡ ಇಲ್ಲ! ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಅಂತ ಹೊಸ ಸರಣಿಗಳು ಶುರುವಾಗೋ ಸೀಸನ್ ವರ್ಷಕ್ಕೆ 4. ನಾಲ್ಕಕ್ಕೂ ಇದೇ ಹೊಟ್ಟೆಯುರಿ. 2025ರ ಸೆಪ್ಟೆಂಬರ್‌ನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಅನ್ನೋ ಅನಿಮೆ ಸಿನಿಮಾ ಥಿಯೇಟರಿಗೆ ಬಂದಾಗಲೂ ಆ ಮೂರಕ್ಕೂ ಡಬ್ ಇತ್ತು, ನಮಗಿರಲಿಲ್ಲ.

ಕೇಳಿದರೆ, ‘ಬಳ್ಳಾರಿಯವರಲ್ವಾ, ತೆಲುಗು ಬರುತ್ತಲ್ಲ, ಸುಮ್ನೆ ನೋಡ್ರಿ’ ಅಂತಾರೆ. ನನಗೆ ಬರುತ್ತೆ. ಎರಡನೇ ಕ್ಲಾಸಿನ ನಮ್ಮಣ್ಣನ ಮಗನಿಗೆ? ಇಂಗ್ಲಿಷ್ ಸಬ್‌ಟೈಟಲ್‌ನ ಒಂದು ಪದ ಕೂಡಿಸಿ ಓದೋ ಹೊತ್ತಿಗೆ ಸಾಲೇ ಮಾಯ. ‘ಚಿಕ್ಕಪ್ಪ, ಅವ ಏನಂದ?’ ಕತ್ತಿ ಎತ್ತಿದ ಜಾಗಕ್ಕೇ ನಿಲ್ಲಿಸಿ ನಾನು ಹೇಳಬೇಕು. ಕೋಟಿಗಟ್ಟಲೆ ಜನ ಆಡೋ ಭಾಷೆ ಇದು. ಇನ್ನೂ ಎಷ್ಟು ಜನ ಬೇಕಂತೆ ಈ ಡಬ್ ಮಾಡಿಸೋರಿಗೆ?